ಒಗ್ಗದ ಕೈ

ಮನೆಯಿಂದ,
ಹದಿನೆಂಟನೇ ತಾರೀಖು, ಗುರುವಾರ

ಪ್ರೀತಿಯ ಮಾವನವರಿಗೆ, ಸೊಸೆಯ ನಮಸ್ಕಾರಗಳು.

ನಿಮ್ಮ ಹೊಟ್ಟೆ ಈಗ ಹೇಗಿದೆ? ಬೇರೆ ಮನೆಗಳಲ್ಲಿ ಮೊದಲು ಆರೋಗ್ಯವೇ, ಕ್ಷೇಮವೇ ಎಂದು ಕೇಳುತ್ತಾರೆ. ನಮ್ಮ ನಡುವೆ ಆರೋಗ್ಯವೆಂದರೆ ನಿಮ್ಮ ಹೊಟ್ಟೆಯೇ ಆಗಿಹೋಗಿರುವುದರಿಂದ ನೇರವಾಗಿ ಅದನ್ನೇ ಕೇಳಿಬಿಟ್ಟೆ. ಮಗಳ ಮನೆ ಸೇರಿದ ವಾರದಲ್ಲೇ ಎಲ್ಲ ನಿಂತಿತಂತೆ, ಮುಖದಲ್ಲಿ ಕಳೆ ಬಂದಿದೆಯಂತೆ. ಕೇಳಿ ಸಂತೋಷವಾಯಿತು. ಸುಳ್ಳೇಕೆ ಹೇಳಲಿ, ಹೊಟ್ಟೆಯೂ ಉರಿಯಿತು. ಮಂಡಿಗೆ ಶಾಖ ಕೊಡುವ ಬಿಸಿನೀರಿನ ಚೀಲವನ್ನು ನಿಮ್ಮ ಪೆಟ್ಟಿಗೆಯ ತಳದಲ್ಲಿ, ಉಣ್ಣೆ ಟೋಪಿಯೊಳಗೆ ಸುತ್ತಿ ಇಟ್ಟಿದ್ದೇನೆ, ಹುಡುಕಿಕೊಳ್ಳಿ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಫೋನ್ ಮಾಡಿದರೆ ನಿಮ್ಮ ಮಗಳು ಸ್ಪೀಕರಿಗೆ ಹಾಕುತ್ತಾಳೆ. ನಿಮಗೆ ಅರ್ಧ ಮಾತು ಕೇಳಿಸುವುದಿಲ್ಲ, ಕೇಳಿಸಿದ ಅರ್ಧಕ್ಕೆ ಅವಳೇ ಉತ್ತರ ಕೊಟ್ಟು ಫೋನ್ ಇಡುತ್ತಾಳೆ.

ಇಲ್ಲಿ ಎಲ್ಲರೂ ಇದ್ದೇವೆ. ನಿಮ್ಮ ಮೊಮ್ಮಗಳು ಗುಬ್ಬಿ, ತಾತನ ಕೋಣೆ ಇನ್ನು ತನ್ನದೇ ಎಂದು ಗೊಂಬೆಗಳನ್ನೆಲ್ಲ ತಂದು ಸುರಿದಿದ್ದಳು, ಗದರಿಸಿ ಎತ್ತಿಸಿದೆ. ನೀವು ಅಷ್ಟು ವರ್ಷ ಲಿಫ್ಟ್ ನಡೆಸಿದ ಕಚೇರಿಯಲ್ಲಿ ಹಳೆಯ ಲಿಫ್ಟನ್ನು ಕಿತ್ತುಹಾಕಿದರು. ಹೊಸದಕ್ಕೆ ಮನುಷ್ಯರು ಬೇಕಿಲ್ಲ, ಅದೇ ಮಾತಾಡುತ್ತದೆ. ಪಕ್ಕದ ಬೆಂಚು ಮಾತ್ರ ಹಾಗೇ ಇದೆ. ರಿಟೈರಾದ ಮೇಲೂ ನೀವು ದಿನಾ ಬಂದು ಕೂರುತ್ತಿದ್ದ ಬೆಂಚು. ಹೋಗಿ ಬರುವವರಿಗೆಲ್ಲ ನಿಮ್ಮ ಹೊಟ್ಟೆಯ ಕಥೆ, ಅದರ ಬಾಲಕ್ಕೆ ನನ್ನ ಅಡುಗೆಯ ಕಥೆ ಹೇಳಿದ ಬೆಂಚು. ನಾಲಿಗೆಗೆ ಎಲುಬಿಲ್ಲ, ಬೆಂಚಿಗೆ ಬಾಡಿಗೆಯಿಲ್ಲ. ಆ ಕಥೆ ಎರಡು ಮಹಡಿ ಇಳಿದು, ನಾನು ಅಡುಗೆ ಮಾಡುವ ಕ್ಯಾಂಟೀನಿಗೆ ಬಂತು. ಹೋದ ತಿಂಗಳು ಮ್ಯಾನೇಜರ್ ನನ್ನನ್ನು ಒಲೆಯ ಮುಂದಿನಿಂದ ಎಬ್ಬಿಸಿ ಪಾತ್ರೆ ತೊಳೆಯಲು ಹಾಕಿದರು. "ಬೇಜಾರು ಮಾಡ್ಕೋಬೇಡಮ್ಮ, ಮನೇವರಿಗೇ ಒಗ್ಗದ ಕೈ, ಇಷ್ಟು ಜನಕ್ಕೆ ಹೇಗೆ ಬಡಿಸಲಿ" ಅಂದರು. ಮದುವೆಯಾಗಿ ಬಂದ ವರ್ಷದಿಂದ ಆ ಒಲೆಯ ಮುಂದೆ ನಿಂತವಳು ನಾನು. ಆ ಕೆಲಸ ಕೊಡಿಸಿದವರು ನೀವೇ. "ನನ್ನ ಸೊಸೆ ಕೈ ರುಚಿ ನೋಡಿ, ಆಮೇಲೆ ಮಾತಾಡಿ" ಎಂದು ನನ್ನನ್ನು ಲಿಫ್ಟಿನಲ್ಲಿ ಕರೆದುಕೊಂಡು ಹೋಗಿದ್ದಿರಿ. ಈಗ ಸೋಪಿನ ನೀರಿನಲ್ಲಿ ಬೆರಳ ಸಂದುಗಳೆಲ್ಲ ಬಿರುಕು ಬಿಟ್ಟಿವೆ, ಅಕ್ಷರ ಸೊಟ್ಟಗಿದ್ದರೆ ಅದಕ್ಕೇ.

ನಿಮ್ಮ ಮಗನ ವಿಷಯ. ಅವರು ಸಂಜೆಯ ಊಟ ಹೊರಗೇ ಮುಗಿಸಿ ಬರುತ್ತಿದ್ದಾರೆ. ಹಸಿವಿಲ್ಲ ಅನ್ನುತ್ತಾರೆ, ನೀರು ಕುಡಿದು ಮಲಗುತ್ತಾರೆ. ಒಂದು ದಿನವೂ ಬೈದಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ನಾನೂ ತಿರುಗಿ ನಾಲ್ಕು ಬೈಯಬಹುದಿತ್ತು. ಗುಬ್ಬಿ ಮೊನ್ನೆ ತಟ್ಟೆಯನ್ನು ಮೂಸಿ ನೋಡಿದಳು. ಏನೇ ಅಂದರೆ, ಸುಮ್ಮನೆ ಅಂದಳು. ಮಾವ, ಆ ರಾತ್ರಿ ನಾನೂ ನನ್ನ ತಟ್ಟೆಯನ್ನು ಮೂಸಿ ನೋಡಿದೆ.

ಇದೆಲ್ಲ ಎಲ್ಲಿಂದ ಶುರುವಾಯಿತು ಎಂದು ನಿಮಗೂ ನೆನಪಿರಬೇಕು. ಸಕ್ಕರೆ ಕಾಯಿಲೆ ಎಂದು ಡಾಕ್ಟರು ಸಿಹಿ ನಿಲ್ಲಿಸಿದ ಮೇಲೆ ನೀವು ಮುಖ ಊದಿಸಿಕೊಂಡು ಕೂತಿದ್ದಿರಿ. ಆಗ ನಿಮ್ಮ ಮಗಳು ಆ ಡಬ್ಬಿ ಕಳಿಸಿದಳು. ಅಗಿದು ತಿನ್ನುವ ಶಕ್ತಿ ಗುಳಿಗೆ, ಕಿತ್ತಳೆ ವಾಸನೆ, ಮೇಲೆ ದೊಡ್ಡ ಅಕ್ಷರದಲ್ಲಿ ಶುಗರ್ ಫ್ರೀ. ದಿನಕ್ಕೆ ಒಂದು ತಿನ್ನಪ್ಪಾ ಎಂದಿದ್ದಳು. ಒಂದು ತಿಂದಿರಿ ಎಂದೇ ನಾವೆಲ್ಲ ತಿಳಿದೆವು. ಆಮೇಲೆ ಹೊಟ್ಟೆ ಕೆಟ್ಟಿತು. ನಾನು ನೀರನ್ನು ಎರಡೆರಡು ಸಲ ಕುದಿಸಿದೆ, ಎಣ್ಣೆ ಬದಲಿಸಿದೆ, ಖಾರ ನಿಲ್ಲಿಸಿದೆ, ನಿಮ್ಮ ಪಾತ್ರೆಗಳನ್ನೇ ಬೇರೆ ಮಾಡಿದೆ. ಹಾಸಿಗೆ ಬಟ್ಟೆ ಒಗೆದದ್ದನ್ನು ಹೇಳುವುದಿಲ್ಲ, ಹೇಳಿದರೆ ಹಂಗಿಸಿದ ಹಾಗೆ ಆಗುತ್ತದೆ. ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, ಹೊಸದಾಗಿ ಏನಾದರೂ ಔಷಧಿ ತಗೋತಿದ್ದೀರಾ ಎಂದು ಕೇಳಿದಾಗ ಇಲ್ಲ ಅಂದಿರಿ. ಗುಳಿಗೆ ಔಷಧಿಯ ಲೆಕ್ಕಕ್ಕೆ ಸೇರುವುದಿಲ್ಲವೆಂದು ನಾನೂ ಸುಮ್ಮನಿದ್ದೆ. ಅಷ್ಟರಲ್ಲಿ ನಿಮ್ಮ ಮಗಳು ಒಂದು ವಾರ ಬಂದು ಇದ್ದಳು, ಅವಳೇ ಅಡುಗೆ ಮಾಡಿದಳು. ಅದೇ ಒಲೆ, ಅದೇ ಅಕ್ಕಿ, ಅದೇ ಬೇಳೆ. ನಿಮ್ಮ ಹೊಟ್ಟೆ ಬಂಡೆಯ ಹಾಗೆ ನಿಂತಿತು. ಅವಳು ಹೊರಟ ಎರಡನೇ ದಿನಕ್ಕೆ ಮತ್ತೆ ಶುರು. ಆವತ್ತು ನಡುಮನೆಯಲ್ಲಿ, ನಿಮ್ಮ ಮಗನ ಮುಂದೆ, ನಾನು ಇಟ್ಟ ತಟ್ಟೆಯನ್ನು ಬೆರಳಲ್ಲಿ ದೂಡಿ "ಇವಳ ಕೈ ಊಟ ನನಗೆ ಒಗ್ತಿಲ್ಲ ಕಣೋ" ಅಂದಿರಿ. ಅಲ್ಲಿಗೆ ತೀರ್ಪಾಯಿತು, ಮಗಳ ಮನೆಗೆ ಪೆಟ್ಟಿಗೆಯೂ ಕಟ್ಟಿದ್ದಾಯಿತು.

ಈಗ ಹೊಸ ಸಮಾಚಾರ. ಮೊನ್ನೆ ನಿಮ್ಮ ಕೋಣೆ ಗುಡಿಸುವಾಗ ಬೀರುವಿನ ಹಿಂದೆ, ಹಳೆಯ ಯೂನಿಫಾರ್ಮಿನ ಗಂಟಿನಲ್ಲಿ ಡಬ್ಬಿಗಳು ಸಿಕ್ಕವು. ಒಂದಲ್ಲ, ಒಂದು ರಾಶಿ. ಒಂದು ಬಿಟ್ಟು ಎಲ್ಲ ಖಾಲಿ. ಮಗಳು ಇಷ್ಟೊಂದು ಕಳಿಸಿದಳೇ ಎಂದುಕೊಂಡು ತುಂಬಿದ ಡಬ್ಬಿಯಿಂದ ಒಂದನ್ನು ಬಾಯಿಗೆ ಹಾಕಿಕೊಂಡೆ. ನಾಲಿಗೆಗೆ ತಣ್ಣಗೆ, ಆಮೇಲೆ ಸಿಹಿ. ಇನ್ನೊಂದು ಹಾಕಿಕೊಂಡೆ. ಮಾವ, ನಿಮ್ಮನ್ನು ಆ ಹೊತ್ತು ಅರ್ಥಮಾಡಿಕೊಂಡಷ್ಟು ಯಾವತ್ತೂ ಅರ್ಥಮಾಡಿಕೊಂಡಿರಲಿಲ್ಲ. ಗುಡಿಸುತ್ತಾ ಒಂದು ಹಿಡಿ ಮುಗಿಸಿ ಕೆಲಸಕ್ಕೆ ಹೋದೆ. ಕ್ಯಾಂಟೀನಿನಲ್ಲಿ ಪಾತ್ರೆಯ ಮುಂದೆ ನಿಂತಿದ್ದಾಗ ಹೊಟ್ಟೆಯೊಳಗೆ ಗುಡುಗಿತು. ಓಡಿದೆ. ಬಂದೆ, ಮತ್ತೆ ಓಡಿದೆ. ಹುಡುಗಿಯರು ನಗಾಡಿದರು, ಈಗ ಅಕ್ಕನ ಅಡುಗೆ ಅಕ್ಕನಿಗೇ ಒಗ್ಗುತ್ತಿಲ್ಲ ಎಂದು. ಆವತ್ತು ಬೆಳಗಿನಿಂದ ಬರೀ ಕಾಫಿ ಕುಡಿದಿದ್ದೆ. ಅನ್ನದ ಅಗುಳೂ ಮುಟ್ಟಿರಲಿಲ್ಲ.

ಕಚೇರಿಯ ನರ್ಸಮ್ಮನ ಹತ್ತಿರ ಹೋದೆ. ಮರುದಿನ ಡಬ್ಬಿಯನ್ನೂ ಒಯ್ದು ತೋರಿಸಿದೆ. ಅವರು ಹಿಂದೆ ತಿರುಗಿಸಿ, ಇರುವೆ ಕಾಲಿನಂಥ ಅಕ್ಷರ ಓದಿದರು: ಸಾರ್ಬಿಟಾಲ್, ಮಾಲ್ಟಿಟಾಲ್. ಇವಕ್ಕೆ ಶುಗರ್ ಆಲ್ಕೋಹಾಲ್ ಅನ್ನುತ್ತಾರಂತೆ. ಗಾಬರಿಯಾಗಬೇಡಿ, ಕುಡಿಯುವ ಹೆಂಡಕ್ಕೂ ಅದಕ್ಕೂ ಸಂಬಂಧವಿಲ್ಲ, ನಿಮ್ಮ ಜನ್ಮದ ಪುಣ್ಯ ಹಾಗೇ ಇದೆ. ಸಿಹಿ ಕೊಡುತ್ತದೆ, ಸಕ್ಕರೆಯಷ್ಟು ರಕ್ತಕ್ಕೆ ಏರುವುದಿಲ್ಲ. ಆದರೆ ಹೊಟ್ಟೆ ಅದನ್ನು ಪೂರ್ತಿ ಅರಗಿಸುವುದಿಲ್ಲ. ಹೆಚ್ಚು ತಿಂದರೆ ಅದು ಕರುಳಿನಲ್ಲಿ ನೀರು ಎಳೆದುಕೊಂಡು ಕೆಳಗಿಳಿದುಬಿಡುತ್ತದೆ. "ದಿನಕ್ಕೊಂದು ತಿಂದ್ರೆ ಏನೂ ಆಗಲ್ಲ, ಹಿಡಿಗಟ್ಟಲೆ ತಿಂದ್ರೆ ಜುಲಾಬು" ಅಂದರು. ಡಬ್ಬಿಯ ಮೇಲೂ ಹಾಗೇ ಇದೆ, ನಿಮ್ಮ ಭೂತಗನ್ನಡಿ ಹಿಡಿದು ಓದಿದೆ. ಈಗ ನಿಮ್ಮ ಮಗಳು ಡಬ್ಬಿಯನ್ನು ಬೀಗದೊಳಗಿಟ್ಟು ದಿನಕ್ಕೆ ಒಂದೇ ಕೊಡುತ್ತಾಳಂತೆ. ಅದಕ್ಕೇ ನೀವು ಚೆನ್ನಾಗಿದ್ದೀರಿ. ಅವಳ ಕೈಗುಣವಲ್ಲ ಅದು, ಅವಳ ಬೀಗದ ಗುಣ.

ನಿಮ್ಮ ಮೇಲೆ ಸಿಟ್ಟಿಲ್ಲ. ನಿಮಗೇನು ಗೊತ್ತು, ಪೆಪ್ಪರಮಿಂಟು ಎಂದು ತಿಂದಿರಿ, ವಯಸ್ಸಾದವರ ಬಾಯಿ ಚಪಲ. ಗೊತ್ತಿಲ್ಲದೆ ಆದದ್ದಕ್ಕೆ ಯಾರನ್ನು ಏನನ್ನಲಿ. ಕೇಳಿಕೊಳ್ಳುವುದು ಒಂದೇ. ನಿಮ್ಮ ಮಗನಿಗೂ ಮ್ಯಾನೇಜರಿಗೂ ಒಂದು ಮಾತು ಹೇಳಿ, ಹೊಟ್ಟೆ ಕೆಟ್ಟದ್ದು ಸೊಸೆಯ ಅಡುಗೆಯಿಂದಲ್ಲ ಎಂದು. ನಾನು ಹೇಳಿದರೆ ಕಳ್ಳಿಯ ಸಬೂಬು ಎಂದಾಗುತ್ತದೆ. ನೀವು ಹೇಳಿದರೆ ನನಗೆ ಒಲೆ ವಾಪಸು ಸಿಗುತ್ತದೆ, ಇವರು ಮನೆಯಲ್ಲಿ ಉಣ್ಣುತ್ತಾರೆ.

ಗುಬ್ಬಿಯ ಮುತ್ತುಗಳು. ನಿಮ್ಮ ಮಗಳಿಗೆ ಕೇಳಿದೆನೆಂದು ಹೇಳಿ. ಮಂಡಿ ಜೋಪಾನ.

ಇಂತಿ ನಿಮ್ಮ ಆಶೀರ್ವಾದ ಬೇಡುವ
ಸೊಸೆ

ತಾ.ಕ.: ಅಂಟಿಸಿದ ಲಕೋಟೆಯನ್ನು ಹರಿದು ಬರೆಯುತ್ತಿದ್ದೇನೆ. ಅಂಚೆಗೆ ಹಾಕಲು ಹೊರಟಾಗ ಮೂಲೆಯ ಔಷಧಿ ಅಂಗಡಿಯವನು ಕರೆದು, "ತಾತ ಆ ಗುಳಿಗೆ ಬಿಟ್ಟರೇನಮ್ಮ" ಎಂದು ಕೇಳಿದ. ಆ ರಾಶಿ ಡಬ್ಬಿ ಮಗಳು ಕಳಿಸಿದ್ದಲ್ಲ, ನೀವು ಅವನ ಹತ್ತಿರ ಕೊಂಡದ್ದು. ಹೊಟ್ಟೆ ಕೆಡುತ್ತಿರುವುದು ಇದರಿಂದಲೇ ಎಂದು ಅವನು ನಿಮಗೆ ಹೇಳಿದ್ದನಂತೆ, ನಿಮ್ಮ ಮಗಳು ಬರುವುದಕ್ಕೂ ಮುಂಚೆ. ನೀವು, "ಗೊತ್ತಾಯ್ತು ಬಿಡಪ್ಪ, ನನ್ನ ಸೊಸೆಗೆ ಮಾತ್ರ ಹೇಳಬೇಡ, ಡಬ್ಬಿ ಕಿತ್ತಿಟ್ಕೋತಾಳೆ" ಅಂದಿರಂತೆ. ಹಾಗಾದರೆ ಮಗಳಿದ್ದ ವಾರ ತಿನ್ನದೆ ತಡೆದುಕೊಂಡಿರಿ. ಅವಳು ಹೋದ ಮೇಲೆ ತಿಂದಿರಿ. ತಿಂದು, ಗೊತ್ತಿದ್ದೂ, ನನ್ನ ತಟ್ಟೆಯನ್ನು ದೂಡಿದಿರಿ. ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಕೋತಿಯ ಕಥೆಯನ್ನು ಗುಬ್ಬಿಗೆ ಹೇಳಿಕೊಟ್ಟವರು ನೀವೇ ಅಲ್ಲವೇ? ಸಿಟ್ಟಿಲ್ಲ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕಿಕೊಂಡು ಓದಿ. ಭಾನುವಾರ ನಿಮ್ಮ ಮಗ ಫೋನ್ ಮಾಡುತ್ತಾರೆ. ನಿಮ್ಮ ಮಗಳು ಎಂದಿನ ಹಾಗೆ ಸ್ಪೀಕರಿಗೆ ಹಾಕಲಿ, ಎಲ್ಲರೂ ಕೇಳುವ ಹಾಗೆ ನಿಮ್ಮ ಬಾಯಲ್ಲೇ ಹೇಳಿ. ಹೇಳಿದ ಮೇಲೆ ಮನೆಗೆ ಬನ್ನಿ, ಕೋಣೆ ನಿಮ್ಮದೇ, ಹಾಸಿಗೆ ಬಿಸಿಲಿಗೆ ಹಾಕಿ ತೆಗೆದಿದ್ದೇನೆ. ಅಡುಗೆ ಮಾತ್ರ ನೀವೇ ಮಾಡಿಕೊಳ್ಳಿ. ನನ್ನ ಕೈ ನಿಮಗೆ ಒಗ್ಗುವುದಿಲ್ಲ.