ಕೆಂಪು ಗೂಟದ ದಂಡೆ

ಸೂಪಾ ಹಿನ್ನೀರಿನ ದಂಡೆ,
ಜೋಯಿಡಾ ತಾಲೂಕು
ರವಿವಾರ, ೨ ಫೆಬ್ರವರಿ ೨೦೨೫

ಗೋವೆಯ ದೊಡ್ಡ ಹೋಟೆಲಿನ ಅಡಿಗೆಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತ, ಅಜ್ಜಿಯೊಬ್ಬಳನ್ನು ಬಿಟ್ಟು ಜಗತ್ತನ್ನೆಲ್ಲ ನೆನೆಯುತ್ತಿರುವ ನನ್ನ ಜ್ಯೂಲಿಗೆ, ನಿನ್ನ ಅಜ್ಜಿ ಮಾರ್ಗರೀಟಾಳ ಮುತ್ತು.

ನಾನು ಆರಾಮ ಇದ್ದೇನೆ. ಮೊಣಕಾಲು ಆರಾಮ ಇಲ್ಲ, ಆದರೆ ಅದು ಯಾವಾಗ ಆರಾಮ ಇತ್ತು? ಕೋಳಿ ಆರಾಮ ಇವೆ. ಪಕ್ಕದ ಮನೆಯ ಅಮೀನಾಬಿಯ ಬಾಯಿ ಎಲ್ಲಕ್ಕಿಂತ ಆರಾಮ ಇದೆ.

ಫೋನು ಇರುವಾಗ ಈ ಮುದುಕಿ ಕಾಗದ ಯಾಕೆ ಬರೆದಳು ಎಂದು ನೀನು ನಗುತ್ತೀ. ಫೋನು ಹತ್ತಬೇಕೆಂದರೆ ನಾನು ಗುಡ್ಡ ಹತ್ತಬೇಕು. ಹತ್ತಿ ಉಸಿರು ತಿರುಗಿಸಿಕೊಳ್ಳುವುದರಲ್ಲಿ ನೀನು ನಿನ್ನ ಮಾತು ಮುಗಿಸಿ, "ಫೋನು ಇಡ್ಲೇನ ಅಜ್ಜಿ, ಸಾಹೇಬ ಕರೀತಾನ" ಎನ್ನುತ್ತೀ. ಕಾಗದದಲ್ಲಿ ನೀನು ನಡುವೆ ಬಾಯಿ ಹಾಕಲಾರೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳ ಅಕ್ಷರ, ಓದಲು ಕಷ್ಟವಾದರೆ ನಿಧಾನ ಓದು. ರೋಹಿದಾಸ ತರಕಾರಿ ಗಾಡಿ ತೆಗೆದುಕೊಂಡು ಮಡಗಾಂವಿಗೆ ಬರುವವನಿದ್ದಾನೆ. ಅವನ ಕೈಯಲ್ಲಿ ಕೌದಿ ಕಳಿಸಿದ್ದೇನೆ, ಕೌದಿಯ ಮಡಿಕೆಯಲ್ಲಿ ಈ ಕಾಗದ. ಕೌದಿ ಹೊಲಿದು ಮುಗಿಯಿತು, ಚಂದ ಬಂದಿದೆ.

ಕ್ರಿಸ್ಮಸ್ಸಿಗೆ ನೀನು ಬರಲಿಲ್ಲ. ಅದರ ಬದಲು ಫೋನಿನಲ್ಲಿ ಒಂದು ಪ್ರಶ್ನೆ ಕಳಿಸಿದೆ: "ಅಜ್ಜಿ, ನಮ್ಮ ದಂಡಿಗೆ ಯಾವ ಬಣ್ಣ ಬಂತು? ಹಸಿರು ಬಂದ್ರ ನಾನು ಮರುದಿನಾನ ಗಂಟು ಕಟ್ಟಿ ಊರಿಗೆ ಬರತೇನಿ." ನಾನು ಕೇಳಿಸದವಳಂತೆ "ಹಲೋ, ಹಲೋ" ಅಂದೆ. ನನ್ನ ಕಿವಿ ನೆಟ್ಟಗಿವೆ. ಉತ್ತರ ನೆಟ್ಟಗಿರಲಿಲ್ಲ. ಅದನ್ನೇ ಈಗ ಬರೆಯುತ್ತಿದ್ದೇನೆ, ಆದರೆ ನನ್ನ ದಾರಿಯಲ್ಲಿ ಬರೆಯುತ್ತೇನೆ.

ದೀಪಾವಳಿ ಕಳೆದ ಮೇಲೆ ದೋಣಿಯಲ್ಲಿ ಸರಕಾರದ ಕಡೆಯ ನಾಲ್ಕು ಮಂದಿ ಬಂದರು. ಮುಂದಾಳು ಸಾಗರ ಅಂತ, ಧಾರವಾಡದ ಕಡೆಯ ಹುಡುಗ, ಕೊರಳಲ್ಲಿ ಕ್ಯಾಮೆರಾ, ಕಾಲಲ್ಲಿ ಜಿಗಣೆ. ಜಿಗಣೆಗೆ ಸುಣ್ಣ ಕೊಟ್ಟು, ಕುಡಿಯಲು ಕರಿ ಚಹಾ ಕೊಟ್ಟು, ಏನು ಕೆಲಸ ಎಂದು ಕೇಳಿದೆ. ಹಿನ್ನೀರಿನ ದಂಡೆಯನ್ನು ತುಂಡು ತುಂಡು ಮಾಡಿ, ಯಾವ ತುಂಡು ಯಾವುದಕ್ಕೆ ಎಂದು ಗೊತ್ತುಪಡಿಸುತ್ತಾರಂತೆ.

"ಹಂಗಾರ ಇಷ್ಟು ದಿನಾ ಮಂದಿಗೆ ಜಾತಿ ಹಚ್ಚಿ ಸಾಕಾತು, ಇನ್ನ ದಂಡಿಗೂ ಜಾತಿ ಹಚ್ಚಾಕ ಬಂದೀರೇನೋ ತಮ್ಮಾ?" ಅಂದೆ.

ಹುಡುಗ ಸಿಟ್ಟಾಗಲಿಲ್ಲ. "ಅಜ್ಜಿ, ಜಾತಿ ಹಚ್ಚಲಿಲ್ಲಂದ್ರ ರೊಕ್ಕ ಇದ್ದವ ಎಲ್ಲಾ ದಂಡಿನೂ ತನ್ನದಽ ಅಂತಾನ್ರೀ" ಅಂದ. ಮಾತು ಸರಿಯೇ. ಆದರೂ ಸುಮ್ಮನಿರುವ ಬಾಯೇ ಇದು? ಮಳೆಗಾಲದಲ್ಲಿ ನೀರು ಮತ್ತಿ ಮರದ ಬುಡಕ್ಕೆ ಬರುತ್ತದೆ, ಬೇಸಿಗೆಯಲ್ಲಿ ಹೆಸರಿಲ್ಲದಂತೆ ಕೆಳಗೆ ಓಡುತ್ತದೆ, ಇದರಲ್ಲಿ ನಿನ್ನ ದಂಡೆ ಯಾವುದಪ್ಪಾ ಅಂದೆ. ಅಣೆಕಟ್ಟೆ ತುಂಬಿದಾಗ ನೀರು ಎಲ್ಲಿ ನಿಲ್ಲುತ್ತದೋ ಅದೇ ಗೆರೆ, ಅಲ್ಲಿಂದ ಮೇಲೆ ಅಳೆಯುತ್ತೇವೆ ಅಂದ. ಕಲಿತ ಹುಡುಗ, ಉತ್ತರ ತಯಾರಿಟ್ಟುಕೊಂಡೇ ಬಂದಿದ್ದ.

ಬಣ್ಣದ ಅರ್ಥವನ್ನೂ ಅವನೇ ಬಿಡಿಸಿ ಹೇಳಿದ: "ಕೆಂಪು ಅಂದ್ರ ಪ್ರಾಣಿ-ಪಕ್ಷಿ ಇರೂ ಜಾಗಾ, ಯಾರೂ ಏನೂ ಕಟ್ಟಂಗಿಲ್ಲ. ಹಳದಿ ಅಂದ್ರ ಇದ್ದ ಮನಿ, ಇದ್ದ ಹೊಲ ಇದ್ದಂಗ ಇರಬೇಕು. ಹಸಿರು ಅಂದ್ರ ಅಂಗಡಿ, ಹೊಟೇಲು, ದೋಣಿಕಟ್ಟಿ ಕಟ್ಟಬಹುದು." ಈ ಸಲ ಬರೀ ಗೂಟ ಬಡಿದು ಬಟ್ಟೆ ಕಟ್ಟುತ್ತಾರೆ, ಊರವರು ನೋಡಿ ತಕರಾರಿದ್ದರೆ ಹೇಳಬೇಕು. ಮುಂದಿನ ಸಲ ಬಂದಾಗ ಬಟ್ಟೆ ಇದ್ದಲ್ಲಿ ಮಶೀನು ಹಿಡಿದು ನಕಾಶೆಗೆ ಹಾಕುತ್ತಾರೆ. ಆಮೇಲೆ ಅಳಿಸಲು ಬರುವುದಿಲ್ಲ.

ಮನೆಗಳ ಸಾಲಿಗೆ ಹಳದಿ ಬಂತು. ದೋಣಿ ಹಚ್ಚುವ ಕಡೆ ಹಸಿರು. ನಮ್ಮ ಮನೆಯ ಕೆಳಗೆ, ಮತ್ತಿ ಮರದಿಂದ ಕರಿಬಂಡೆಯ ತನಕ, ನೀನು ಸಣ್ಣವಳಿದ್ದಾಗಲೇ ಕೋಲಿನಿಂದ ಗೆರೆ ಕೊರೆದು "ಇಲ್ಲಿ ಒಲಿ, ಇಲ್ಲಿ ಕುಂದ್ರಾಕ ಬಾಕು, ಅದರ ಮ್ಯಾಲೆ ಕುಂತು ಮಂದಿ ನೀರು ನೋಡಕೋತ ಮೀನು ಊಟಾ ಮಾಡತಾರ" ಎಂದು ತೋರಿಸಿದ ಜಾಗ ಇದೆಯಲ್ಲ, ಅಲ್ಲಿ ಕೆಂಪು.

ಬಂಡೆಯ ಕೆಳಗೆ ನೀರುನಾಯಿಗಳ ಬಿಲ ಇದೆಯಲ್ಲ. ಅವು ಮರಿ ಹಾಕಿದ್ದವು.

ಆ ಮೇಲೆ ಆದದ್ದನ್ನು ಅಮೀನಾಬಿ ನಿನಗೆ ಬೇರೆ ರೀತಿ ಹೇಳಿಯಾಳು, ನಂಬಬೇಡ. ನನಗೆ ಕೌದಿಯ ಮೂಲೆಗೆ ಫೂಲ ಇಡಲು ಬಟ್ಟೆ ಬೇಕಾಗಿತ್ತು. ನಮ್ಮ ಸಿದ್ದಿ ಹೆಂಗಸರ ಕೌದಿಯ ರೀತಿ ನಿನಗೆ ಗೊತ್ತು, ಅಂಚಿನಿಂದ ಹೊಲಿಯುತ್ತ ಸುತ್ತಿ ಸುತ್ತಿ ನಡುವಿಗೆ ಬರಬೇಕು, ಕೊನೆಗೆ ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಹೂವಿನಂಥ ಫೂಲ. ಫೂಲ ಇಲ್ಲದ ಕೌದಿ ಬೆತ್ತಲೆ, ಅದನ್ನು ಮೈಮೇಲೆ ಎಳೆದುಕೊಳ್ಳಬಾರದು. ಹೊಲಿದ ಕೈಯೇ ಫೂಲ ಇಡಬೇಕು, ಬೇರೆ ಕೈ ಇಟ್ಟರೆ ನಡೆಯುವುದಿಲ್ಲ. ಗೂಟಗಳ ಮೇಲೆ ಒಳ್ಳೆ ಕೆಂಪು ಬಟ್ಟೆ, ಒಮ್ಮೆಯೂ ಒಗೆಯದ್ದು, ಗಾಳಿಗೆ ಹಾರಾಡಿ ಹಾಳಾಗುತ್ತಿತ್ತು. ಬಿಚ್ಚಿ ತಂದೆ.

ಅಮೀನಾಬಿ ನೋಡಿ ಬಾಯಿ ಮೇಲೆ ಕೈ ಇಟ್ಟಳು. "ಯಾ ಅಲ್ಲಾ! ಮಾರ್ಗರೀಟಾ, ಸರಕಾರದ ಬಟ್ಟಿ ಕದ್ದೆಲ್ಲಾ!" ಅಂದಳು. "ಸರಕಾರ ಬೆತ್ತಲೆ ಏನ ಆಗೂದಿಲ್ಲ ಬಿಡ" ಅಂದೆ. ಅವಳು ನಕ್ಕು, ನಕ್ಕು ಮುಗಿಸಿ, ಸಣ್ಣ ದನಿಯಲ್ಲಿ, "ಹಳದಿ ಬಟ್ಟಿ ನಮ್ಮ ಬಾಗಿಲದಾಗಽ ಇತ್ತು, ಅದನ್ಯಾಕ ಬಿಟ್ಟಿ?" ಎಂದು ಕೇಳಿದಳು. ಚಹಾ ಉಕ್ಕುತ್ತದೆ ಎಂದು ನಾನು ಒಳಗೆ ಎದ್ದು ಹೋದೆ.

ಸರಿ, ಬರೆದುಬಿಡುತ್ತೇನೆ. ಕೆಂಪು ಅಂದರೇನು ಎಂದು ತಿಳಿದೇ ಬಿಚ್ಚಿದೆ. ಆಚೆ ಹಸಿರು ಇದೆ, ನಡುವಿನ ಬೋಳು ಗೂಟಗಳನ್ನು ನೋಡಿ ಮಶೀನು ಹಿಡಿದವರು ಇದೂ ಹಸಿರೇ ಎಂದುಕೊಳ್ಳಲಿ ಅಂದುಕೊಂಡೆ. ಹಸಿರಾದರೆ ನೀನು ಗಂಟು ಕಟ್ಟುತ್ತೀ. ನೀರುನಾಯಿಗಳಿಗೆ ನಾಲ್ಕು ಕಾಲಿವೆ, ಬೇರೆ ಬಂಡೆ ಹುಡುಕಿಕೊಳ್ಳಲಿ. ನನಗೆ ಬೇರೆ ಜ್ಯೂಲಿ ಎಲ್ಲಿ ಸಿಗುತ್ತಾಳೆ?

ಆ ಕೆಂಪು ಬಟ್ಟೆಯನ್ನು ಕೌದಿಗೆ ಹೊಲಿಯುತ್ತ ನಾನು ಬಹಳ ಸುಖವಾಗಿದ್ದೆ. ನಿನ್ನ ಒಲೆ ಎಲ್ಲಿ, ಬಾಕು ಎಲ್ಲಿ ಎಂದು ಮನಸ್ಸಿನಲ್ಲೇ ಇಟ್ಟು ನೋಡುತ್ತಿದ್ದೆ. ಸಂಜೆ ದಂಡೆಗಿಳಿದರೆ ನೀರುನಾಯಿ ಸೀಟಿ ಹೊಡೆಯುತ್ತಿದ್ದವು. ನೀನು ಸಣ್ಣವಳಿದ್ದಾಗ ಅವಕ್ಕೆ ತಿರುಗಿ ಸೀಟಿ ಹೊಡೆಯುತ್ತಿದ್ದೆ, "ಹೆಣ್ಣುಮಕ್ಕಳು ಸೀಟಿ ಹೊಡೀತಾರೇನ, ಬಾಯಿಗೆ ಬರಿ ಹಾಕತೇನಿ" ಎಂದು ನಾನು ಕಟ್ಟಿಗೆ ಹಿಡಿದು ಬೆನ್ನಟ್ಟುತ್ತಿದ್ದೆ. ನೀನು ಹೋದ ಮೇಲೆ ಯಾರೂ ಅವಕ್ಕೆ ಉತ್ತರ ಕೊಡುವವರಿಲ್ಲ. ಒಂದು ದಿನ ಸುತ್ತ ಯಾರೂ ಇಲ್ಲದ್ದು ನೋಡಿ ನಾನೇ ಹೊಡೆದು ನೋಡಿದೆ. ಮುಂದಿನ ಹಲ್ಲಿಲ್ಲದ ಬಾಯಿ, ಬರೀ ಗಾಳಿ ಹೋಯಿತು. ಇದನ್ನು ಅಮೀನಾಬಿಗೆ ಹೇಳಬೇಡ.

ಹೊಸ ವರ್ಷದ ವಾರದಲ್ಲಿ ಸಂಜೀವಕುಮಾರ ಎನ್ನುವವನು ಬಂದ. ಬಿಳಿ ಪ್ಯಾಂಟು, ಕರಿ ಕನ್ನಡಕ. ಪ್ರವಾಸಿಗರಿಗೆ ವಸತಿ ಕಟ್ಟಿಸುವವನಂತೆ. ದಂಡೆಗುಂಟ ಜಾಗ ನೋಡುತ್ತ ಬಂದವನು ಬೋಳು ಗೂಟಗಳ ಹತ್ತಿರ ನಿಂತುಬಿಟ್ಟ. "ಇಲ್ಲಿ ಕೆಂಪು ಇಲ್ಲಲ್ಲಾ! ಜಾಗಾ ಭಾರೀ ಐತಿ" ಅಂದ. ಜೊತೆಗೆ ಬಂದವರು ಟೇಪು ಹಿಡಿದರು. ಅವರ ಮಾತಿನಲ್ಲೇ ಮತ್ತಿ ಮರ ಕಡಿದು ಮೆಟ್ಟಿಲು, ಬಂಡೆಯ ಮೇಲೆ ದೋಣಿಕಟ್ಟೆ, ಮೇಲೊಂದು ಗೇಟು. ನಾನು ನೀರು ತರುವ ದಾರಿ ಗೇಟಿನ ಒಳಗೆ ಹೋಯಿತು.

ನಾನು ಅವನ ಮುಂದೆ ಹೋಗಿ ನಿಂತು, "ಇಲ್ಲಿ ನನ್ನ ಮೊಮ್ಮಗಳು ಖಾನಾವಳಿ ಹಾಕಾಕಿ ಅದಾಳ್ರಿ" ಅಂದೆ. ಅವನು ಕನ್ನಡಕ ತೆಗೆದು ಬಹಳ ಮರ್ಯಾದೆಯಿಂದಲೇ ಹೇಳಿದ: "ಆಕಿಗೆ ಅಡಿಗಿ ಬರತೈತೇನ್ರಿ ಅಜ್ಜಿ? ಹಂಗಾರ ನಮ್ಮ ಅಡಿಗಿಮನ್ಯಾಗ ಕೆಲಸಾ ಕೊಡತೇವಿ, ಉಳ್ಳಾಗಡ್ಡಿ ಹೆಚ್ಚಾಕ ಮಂದಿ ಬೇಕಽ ಆಗತಾರ."

ಜ್ಯೂಲಿ, ಗೋವೆಯಲ್ಲಿ ಉಳ್ಳಾಗಡ್ಡಿ ಹೆಚ್ಚುವುದು ಬೇರೆ. ನೀನೇ ಕೋಲಿನಿಂದ ಗೆರೆ ಕೊರೆದ ಜಾಗದಲ್ಲಿ, ಇನ್ನೊಬ್ಬರ ಗೋಡೆಯ ಹಿಂದೆ, ನೀರು ಕಾಣದಂತೆ ಕೂತು ಹೆಚ್ಚುವುದು ಬೇರೆ. ಹಸಿರು ಎಂದರೆ ನಿನಗೆ ಹಸಿರು ಎಂದುಕೊಂಡಿದ್ದೆ. ಹಸಿರು ಯಾರು ಮೊದಲು ಟೇಪು ಹಿಡಿಯುತ್ತಾರೋ ಅವರದು.

ಹೋಗುವಾಗ ಅವರು ಇಂಜಿನ್ ದೋಣಿಯನ್ನು ಬಂಡೆಯ ಸುತ್ತ ತಿರುಗಿಸಿದರು. ನೀರಿನ ಮೇಲೆ ಎಣ್ಣೆ ಹಬ್ಬಿತು. ಅಂದು ಸಂಜೆ ಸೀಟಿ ಇಲ್ಲ. ಮರುದಿನವೂ ಇಲ್ಲ. ನಾನು ಕೊಡ ಹಿಡಿದು ನಿಂತೇ ಇದ್ದೆ. ನೀನು ಮೊದಲ ಸಲ ಗೋವೆಯ ಬಸ್ಸು ಹತ್ತಿದ ದಿನ ಇಂಥದೇ ನಿಶ್ಶಬ್ದ ಇತ್ತು ಈ ದಂಡೆಯ ಮೇಲೆ. ಎರಡನೆಯ ಸಲ ಅದನ್ನು ನನ್ನ ಕೈಯಾರೆ ತಂದುಕೊಂಡೆ ಅನ್ನಿಸಿತು.

ಮನೆಗೆ ಬಂದು ಕೌದಿ ಬಿಚ್ಚಲು ಕೂತೆ. ಸೂಜಿಯ ತುದಿಯಿಂದ ಒಂದೊಂದೇ ಹೊಲಿಗೆ ಎಬ್ಬಿಸುತ್ತ, ಕೆಂಪಿದ್ದದ್ದನ್ನೆಲ್ಲ ತೆಗೆದೆ. ಅಮೀನಾಬಿ ಬಂದವಳು ನನ್ನ ಮುಖ ನೋಡಿ, ಇನ್ನೊಂದು ತುದಿ ಹಿಡಿದು ತಾನೂ ಬಿಚ್ಚಲು ಕೂತಳು. ಮುಗಿದ ಮೇಲೆ ಮಾತ್ರ, "ಕದಿಯೂದು ಸಸಾರ, ತಿರುಗಿ ಇಡೂದಽ ತ್ರಾಸ" ಅಂದಳು. ಇಬ್ಬರೂ ಮೊಣಕಾಲು ಹಿಡಿದುಕೊಂಡು ದಂಡೆಗಿಳಿದು, ಗೂಟಗಳಿಗೆ ಕೆಂಪು ಬಟ್ಟೆ ಕಟ್ಟಿ ಬಂದೆವು.

ಹೋದ ವಾರ ಸಾಗರ ಮಶೀನು ತಂದ. ಬಟ್ಟೆಯ ಅಂಚಿಗೆಲ್ಲ ಸೂಜಿಯ ತೂತು, ಒಂದು ಕಡೆ ನೀಲಿ ದಾರ ಇನ್ನೂ ನೇತಾಡುತ್ತಿತ್ತು. ಕೈಯಲ್ಲಿ ಹಿಡಿದು ತಿರುವಿ ನೋಡಿದ. "ಗಾಳಿಗೆ ಹರದಿತ್ತು, ಹೊಲದೇನಿ" ಅಂದೆ. "ಸರಕಾರದ ಬಟ್ಟಿ ಹೊಲದವರನ್ನ ನಿಮ್ಮನ್ನಽ ಮೊದಲ ನೋಡಿದ್ದು ಅಜ್ಜಿ" ಅಂದ. ನಂಬಿದನೋ ಬಿಟ್ಟನೋ, ಮಶೀನು ಒತ್ತಿದ. ಅದು ಟಿಂಗ್ ಅಂತು. ಮತ್ತಿ ಮರದಿಂದ ಕರಿಬಂಡೆಯ ತನಕ ಕೆಂಪು.

ಉತ್ತರ ಬಂತಲ್ಲ. ನಿನ್ನ ಒಲೆಯ ಜಾಗ ನೀರುನಾಯಿಯದಾಯಿತು. ಸಿಟ್ಟು ಬಂದರೆ ಬೈಯಿ. ಬೈಯಲಿಕ್ಕಾದರೂ ಫೋನು ಮಾಡು, ಗುಡ್ಡ ಹತ್ತಿ ಕೂತಿರುತ್ತೇನೆ. ನಮ್ಮ ಮನೆ ಹಳದಿಯಲ್ಲಿದೆ, ಇದ್ದಂತೆ ಇರುತ್ತದೆ, ನಾನೂ ಇದ್ದಂತೆ ಇರುತ್ತೇನೆ. ಬಾ ಎಂದು ಕರೆಯುವ ಮುಖ ನನಗಿಲ್ಲ, ಅದಕ್ಕೇ ಕರೆಯುವುದಿಲ್ಲ.

ಮೊನ್ನೆಯಿಂದ ಬಂಡೆಯ ಕಡೆ ಮತ್ತೆ ಸೀಟಿ ಕೇಳುತ್ತಿದೆ. ಮರಿಗಳು ದೊಡ್ಡವಾಗಿವೆ, ಅವಕ್ಕಿನ್ನೂ ನೆಟ್ಟಗೆ ಹೊಡೆಯಲು ಬರುವುದಿಲ್ಲ. ಕಲಿಸುವವರಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಕೂದಲಿಗೆ ಎಣ್ಣೆ ಹಚ್ಚು.

ನಿನ್ನ ಹಲ್ಲಿಲ್ಲದ ಅಜ್ಜಿ,
ಮಾರ್ಗರೀಟಾ

ತಾ.ಕ.: ಕೌದಿ ಮುಗಿಯಿತು ಎಂದು ಮೇಲೆ ಬರೆದದ್ದು ಸುಳ್ಳು. ಬಿಚ್ಚಿ ನೋಡಿದರೆ ನಿನಗೇ ತಿಳಿಯುತ್ತದೆ. ನನ್ನ ನೀಲಿ ಸೀರೆಯಿಂದ ಮೂರು ಮೂಲೆಗೆ ಫೂಲ ಇಟ್ಟಿದ್ದೇನೆ, ನಾಲ್ಕನೆಯ ಮೂಲೆ ಬೆತ್ತಲೆ. ನೀಲಿ ಬಟ್ಟೆ ಇನ್ನೂ ಉಳಿದಿದೆ, ಬೇಕೆಂದೇ ಇಡಲಿಲ್ಲ. ಹೊದೆಯಬೇಡ. ಅಲ್ಲಿ ಯಾರ ಕೈಯಲ್ಲೂ ಹೊಲಿಸಬೇಡ, ನಡೆಯುವುದಿಲ್ಲ ಎಂದು ಗೊತ್ತಲ್ಲ. ಕೌದಿಯನ್ನು ನನ್ನ ಹತ್ತಿರವೇ ತರಬೇಕು. ರೋಹಿದಾಸನ ಕೈಯಲ್ಲಿ ಕಳಿಸಿದರೆ ನಾನು ಇಸಕೊಳ್ಳುವುದಿಲ್ಲ.