ಹೋಟೆಲಿನ ಹಾಸಿಗೆ

ಅಕ್ಕಾ,

ಬಂದು ಸೇರಿದೆ. ಮೊದಲ ಸಲ ಯುರೋಪಿಗೆ ಹೋಗ್ತಿದ್ದೀಯ, ಓಡಾಡಿ ಸುಸ್ತಾಗಬೇಡ, ದಿನಕ್ಕೆ ಒಂದೇ ಜಾಗ ನೋಡು ಅಂತ ಪ್ಲಾನ್ ಹಾಕಿಕೊಟ್ಟೆಯಲ್ಲ, ಆ ಒಂದನ್ನೂ ನೋಡಿಲ್ಲ ಕಣೇ. ಮೈಯೆಲ್ಲ ಹಣ್ಣಾಗಿದೆ.

ಇಷ್ಟು ವರ್ಷ ವಾರ್ಡಿನಲ್ಲಿ ನರ್ಸಾಗಿ ದುಡಿದ ಕೈ ರಜೆ ಅಂದ್ರೆ ಸುಮ್ಮನಿರುತ್ತಾ? ಬೆಳಿಗ್ಗೆ ಎದ್ದವಳೇ ಹೋಟೆಲಿನ ಹಾಸಿಗೆಯನ್ನು ಆಸ್ಪತ್ರೆಯ ಹಾಗೆ ಮೂಲೆ ಮಡಚಿ, ಒಂದು ಸುಕ್ಕಿಲ್ಲದಂತೆ ಹಾಸಿಟ್ಟೆ. ಆಮೇಲೆ ಕೋಣೆ ಗುಡಿಸುವ ಹೆಂಗಸು ಬಂದಳು. ನನ್ನ ವಯಸ್ಸೇ ಇರಬೇಕು. ಹಾಸಿಗೆ ನೋಡಿದಳು, ನನ್ನನ್ನು ನೋಡಿದಳು. ಬೈತಾಳೇನೋ ಅಂದುಕೊಂಡೆ. ಅವಳು ಬಾಗಿಲು ಮುಚ್ಚಿ, ಕುರ್ಚಿಯಲ್ಲಿ ಕೂತು, ಶೂ ಕಳಚಿ ಪಾದ ಒತ್ತಿಕೊಳ್ಳೋಕೆ ಶುರುಮಾಡಿದಳು. ನಾನೂ ಎದುರಿಗೆ ಕೂತು ನನ್ನ ಪಾದ ಒತ್ತಿಕೊಂಡೆ. ಒಬ್ಬರ ಭಾಷೆ ಒಬ್ಬರಿಗೆ ಬರಲ್ಲ, ಮಾತು ಬೇಕು ಅಂತಲೂ ಅನ್ನಿಸಲಿಲ್ಲ.

ನನ್ನ ಮಂಡಿ ಊತ ಇಳಿದಿದೆ, ಗಾಬರಿಯಾಗಬೇಡ. ನೀನು ಕೊಟ್ಟ ಮುಲಾಮು ಇಬ್ಬರೂ ಹಚ್ಚಿಕೊಂಡು ಅರ್ಧ ಖಾಲಿ ಮಾಡಿದ್ವಿ.

ನಾಳೆ ನಿನ್ನ ಪ್ಲಾನ್ ಪ್ರಕಾರ ಗಡಿಯಾರದ ಗೋಪುರ. ಖಂಡಿತ ಹೋಗ್ತೀನಿ. ಆದರೆ ಹಾಸಿಗೆ ಹಾಸಿಟ್ಟೇ ಹೋಗ್ತೀನಿ, ಬೈಯಬೇಡ. ಅವಳು ಸ್ವಲ್ಪ ಹೊತ್ತು ಕೂತ್ಕೊಳ್ಳಲಿ.

ನಿನ್ನ ತಂಗಿ