ಅರ್ಧ ಗಜದ ಗುಟ್ಟು

ಮಾರ್ಚ್ ೨೬, ಮಂಗಳವಾರ

ಕಾರ್ಡೆಲ್‌ನ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಇವತ್ತು ದೊಡ್ಡ ಫುಟ್‌ಬಾಲ್ ತಂಡಗಳವರು ಮಿಸಿಸಿಪ್ಪಿಯ ಈ ಪುಟ್ಟ ಕಾಲೇಜಿಗೆ ಆಟಗಾರರನ್ನು ಆರಿಸಲು ಬಂದು, ಹುಡುಗರನ್ನು ನಲವತ್ತು ಗಜ ಓಡಿಸಿ ನೋಡಿದರು. ಕಾರ್ಡೆಲ್ ನಿಧಾನವಾದ, ಅವನ ಸಮಯ ಬರೆದುಕೊಂಡು ಪುಸ್ತಕ ಮುಚ್ಚಿಬಿಟ್ಟರು.

ಅವನು ನೇರವಾಗಿ ನಾನು ತಂಡದ ಬಟ್ಟೆ ಒಗೆಯುವ ಕೋಣೆಗೆ ಬಂದು ಅಳುತ್ತಾ ನೆಲದ ಮೇಲೆ ಕೂತ. "ಏಮೋಸ್ ತಾತ ಗೆರೆ ಹಾಕಿದ್ರೆ ನಾನೂ ಬೇಗ ಓಡ್ತಿದ್ದೆ ಅಜ್ಜಿ. ನಮ್ಮ ಕಾಲೇಜಿನ ಲೂಷಿಯಸ್ ಅಣ್ಣ ಆ ಗೆರೆ ಮೇಲೆ ಹಾರ್ಕೊಂಡು ಹೋಗಿದ್ದ."

ನನ್ನ ಗಂಡ ಏಮೋಸ್ ತೀರಿಹೋಗಿ ಐದು ತಿಂಗಳು. ಮೂವತ್ತು ವರ್ಷ ಆ ಮೈದಾನಕ್ಕೆ ಸುಣ್ಣದ ಗೆರೆ ಎಳೆದವನು. ಈ ಪರೀಕ್ಷೆಯ ದಿನ ಮಾತ್ರ, ಹುಡುಗರ ಸಮಯ ಕಡಿಮೆ ಬರಲಿ ಎಂದು, ಕೊನೆಯ ಗೆರೆಯನ್ನು ಅರ್ಧ ಗಜ ಮೊದಲೇ ಎಳೆದುಬಿಡುತ್ತಿದ್ದ. ಈ ಸಲ ಹೊಸಬ ಟೇಪು ಹಿಡಿದು ಸರಿಯಾಗಿ ಅಳೆದ. ಹೇಳಿದರೆ ಸತ್ತವನ ಹೆಸರಿಗೆ ಮಸಿ. ಆದರೂ ಹೇಳಿಬಿಟ್ಟೆ.

"ಹಂಗಾದ್ರೆ ಲೂಷಿಯಸ್ ಅಣ್ಣನೂ ನನ್ನಷ್ಟೇ ನಿಧಾನಾನಾ?"

"ನಿನಗಿಂತ ದೊಡ್ಡ ಆಮೆ ಕಣೋ ಅವನು. ದೊಡ್ಡ ತಂಡದಲ್ಲಿ ಒಂಬತ್ತು ವರ್ಷ ಆಡಿದ, ಒಬ್ಬರ ಕೈಗೂ ಸಿಗಲಿಲ್ಲ."

ಅಳುತ್ತಿದ್ದವನು ನಕ್ಕುಬಿಟ್ಟ. ತನ್ನ ಆಟದ ವಿಡಿಯೋಗಳನ್ನು ನಾಳೆ ಆ ತಂಡಗಳಿಗೆಲ್ಲ ಕಳಿಸುತ್ತಾನಂತೆ.

ಬರೆಯುತ್ತಲೇ ತೂಕಡಿಕೆ ಬರುತ್ತಿದೆ, ಕಣ್ಣು ಮುಚ್ಚಿದರೆ ಮಂಜು ಕವಿದ ಮೈದಾನ. ಏಮೋಸ್ ಸುಣ್ಣದ ಗಾಡಿ ತಳ್ಳಿಕೊಂಡು ಹೋಗುತ್ತಿದ್ದಾನೆ, ಹಿಂದೆ ಬೆಳ್ಳನೆಯ ಗೆರೆ ತಾನಾಗಿ ಹುಟ್ಟುತ್ತಿದೆ. ಅರ್ಧ ಗಜ ಬಾಕಿ ಇರುವಾಗಲೇ ನಿಂತು ನನ್ನತ್ತ ತಿರುಗುತ್ತಾನೆ. ಗುಟ್ಟು ಬಿಟ್ಟುಕೊಟ್ಟೆ ಎಂದು ಬೈಯುವುದಿಲ್ಲ, ಟೋಪಿ ತೆಗೆದು ಹಣೆ ಒರೆಸಿಕೊಳ್ಳುತ್ತಾ ಕಾಯುತ್ತಾನೆ. ಸ್ವಲ್ಪ ಇರು ಏಮೋಸ್, ನಾನೂ ನಿಧಾನದವಳೇ, ನಿನ್ನ ಆ ಗೆರೆಯವರೆಗೆ ಬರಲು ನನಗೆ ಇನ್ನೂ…